ಏಲಕ್ಕಿ ಮನೆಯ ಹಿಂದಿನ ಹಗ್ಗ

ನಾನು ಹುಟ್ಟಿ ಬೆಳೆದದ್ದು ಕೊಡಗಿನ ಉತ್ತರದ ಅಂಚಿನಲ್ಲಿ, ಹಾಸನದ ಗಡಿಗೆ ಹತ್ತಿರದ ಒಂದು ಸಂತೆಯೂರಿನಲ್ಲಿ. ಅಪ್ಪನದು ಜವಳಿ ಅಂಗಡಿ. ನಮ್ಮದು ಲಿಂಗ ಕಟ್ಟಿದ ಮನೆ. ನಮ್ಮಲ್ಲಿ ಮುಟ್ಟಿಗೆ ಸೂತಕವಿಲ್ಲ. ನಾನು ದೊಡ್ಡವಳಾದ ದಿನ ಅವ್ವ ನನಗೆ ತಲೆಗೆ ನೀರು ಹುಯ್ದು, ಹಣೆಗೆ ವಿಭೂತಿ ಹಚ್ಚಿ, ಎಂದಿನಂತೆ ಪೂಜೆಗೆ ಕೂರಿಸಿದಳು. ಆಮೇಲೆ ಹಳೆಯ ಪಂಚೆಯೊಂದನ್ನು ಹರಿದು ನಾಲ್ಕು ತುಂಡು ಮಾಡಿ ಕೈಗಿಟ್ಟು, "ಇದು ತಿಂಗ್ಳು ತಿಂಗ್ಳೂ ಬತ್ತದೆ ಕಣವ್ವ, ಹೆದರಬ್ಯಾಡ. ಗಂಡಸ್ರ ಕಣ್ಣಿಗೆ ಮಾತ್ರ ಬೀಳ್ದಂಗೆ ನೋಡ್ಕೊ," ಎಂದಳು. ಅವಳ ಪಾಠ ಅಷ್ಟಕ್ಕೇ ಮುಗಿಯಿತು. ನಾನೂ ಕೇಳಲಿಲ್ಲ.

ಪಕ್ಕದ ಬೀದಿಯ ನನ್ನ ಗೆಳತಿಯರು ತಿಂಗಳಿಗೆ ಮೂರು ದಿನ ಹಿತ್ತಿಲ ಕಡೆಯ ಜಗಲಿಯಲ್ಲಿ ತಟ್ಟೆ, ಚೊಂಬು ಬೇರೆ ಇಟ್ಟುಕೊಂಡು ಕೂರುತ್ತಿದ್ದರು. ನಾನು ಆ ದಿನಗಳಲ್ಲೂ ಒಲೆ ಹಚ್ಚುತ್ತಿದ್ದೆ, ಪೂಜೆ ಮಾಡುತ್ತಿದ್ದೆ, ಅಂಗಡಿಗೆ ಹೋಗಿ ಅಪ್ಪನಿಗೆ ಊಟ ಕೊಟ್ಟು ಬರುತ್ತಿದ್ದೆ. ಅವರ ಮುಂದೆ ಹಾದುಹೋಗುವಾಗ ನನಗೆ ಒಳಗೊಳಗೇ ಒಂದು ಜಂಬ.

ಹದಿನೇಳಕ್ಕೆ ಮದುವೆಯಾಯಿತು. ಎರಡು ವರ್ಷ ತುಂಬುವುದರೊಳಗೆ ಗಂಡ ಚಳಿಜ್ವರದಲ್ಲಿ ತೀರಿಕೊಂಡರು. ಅಪ್ಪ ನನ್ನನ್ನು ಮನೆಗೆ ಕರೆದುಕೊಂಡು ಬಂದು, ಒಂದು ವರ್ಷ ಸುಮ್ಮನಿದ್ದು, ಆಮೇಲೆ ಒಂದು ದಿನ ಅಂಗಡಿಯ ಮುಂದೆ ಕೂರಿಸಿಕೊಂಡು ಕೇಳಿದ: "ನಮ್ಮಲ್ಲಿ ಇನ್ನೊಂದು ಮದ್ವೆಗೆ ಅಡ್ಡಿ ಇಲ್ಲ. ಮಾಡ್ಕೊತೀಯೋ, ಇಲ್ಲ ಮಡಿಕೇರೀಲಿ ಹೆರಿಗೆ ಕೆಲ್ಸ ಕಲಿಸ್ತಾರಂತೆ, ಅದಕ್ಕೆ ಹೋಗ್ತೀಯೋ? ನಿನ್ನಿಷ್ಟ." ನಾನು ಮಡಿಕೇರಿ ಎಂದೆ. ಕಲಿತು ಮುಗಿಸಿದ ಮೇಲೆ ಕಕ್ಕಬೆಯ ಕಡೆ, ತಡಿಯಂಡಮೋಳ್ ಬೆಟ್ಟದ ತಪ್ಪಲಿನ ಒಂದು ಎಸ್ಟೇಟಿನಲ್ಲಿ ಕೆಲಸ ಸಿಕ್ಕಿತು.

ಅದು ಬಿಳಿ ದೊರೆಯ ಎಸ್ಟೇಟು. ಕೆಳಗೆ ಕಾಫಿ, ನೆರಳಿನ ಮರಗಳಿಗೆ ಹಬ್ಬಿದ ಕಾಳುಮೆಣಸು, ಮೇಲೆ ಕಾಡಿನಲ್ಲಿ ಏಲಕ್ಕಿ. ತಗಡಿನ ಮಾಡಿನ ಎರಡು ಕೋಣೆಯ ದವಾಖಾನೆ. ಮುಂದಿನ ಕೋಣೆಯಲ್ಲಿ ವಯಸ್ಸಾದ ಡ್ರೆಸ್ಸರು ಕ್ವಿನೈನು ಕೊಡುತ್ತಿದ್ದರು, ಗಾಯ ಕಟ್ಟುತ್ತಿದ್ದರು. ಹಿಂದಿನ ಕೋಣೆ ನನಗೂ ಹೆಂಗಸರಿಗೂ. ಆಳುಗಳಿಗೆಂದು ಸಾಲಾಗಿ ಕಟ್ಟಿದ ಲೈನು ಮನೆಗಳಲ್ಲಿ ತಮಿಳರು, ಮಲಯಾಳಿಗಳು, ತುಳು ಮಾತಾಡುವವರು, ಮೈಸೂರು ಕಡೆಯಿಂದ ಬಂದವರು ಎಲ್ಲ ಇದ್ದರು. ಅವರವರಲ್ಲಿ ಅವರ ಮಾತು, ಎಲ್ಲರೂ ಸೇರಿದರೆ ಒಂದು ಥರದ ಕನ್ನಡ. ನಾನು ಹೋದ ಎರಡನೆಯ ದಿನಕ್ಕೇ "ನರ್ಸಮ್ಮ" ಆಗಿದ್ದೆ.

ಬೇಸಿಗೆಯಲ್ಲಿ ಹೋದವಳು ನಾನು. ಜೂನಿನಲ್ಲಿ ಮಳೆ ಹಿಡಿಯಿತು. ಹಿಡಿದದ್ದು ಬಿಡಲಿಲ್ಲ. ಮೂರನೆಯ ವಾರದ ಹೊತ್ತಿಗೆ ನನ್ನ ಕೋಣೆಯ ಮುಂದೆ ಮಳೆಗೆ ಎಲೆಯ ಗೊರಬೆ ಹೊದ್ದ ಹೆಂಗಸರು ಒಬ್ಬರಾದ ಮೇಲೊಬ್ಬರು ಬಂದು ನಿಲ್ಲತೊಡಗಿದರು. ಬಾಗಿಲು ಮುಚ್ಚಿದ ಮೇಲೂ ಹೇಳಲು ತಡವರಿಸುತ್ತಿದ್ದರು. ತೊಡೆಯ ಸಂದಿಯಲ್ಲಿ ಹುಣ್ಣು, ತುರಿಕೆ, ಉರಿಮೂತ್ರ, ಕೆಲವರಿಗೆ ಜ್ವರ. ಮುಲಾಮು ಕೊಟ್ಟರೆ ವಾಸಿಯಾಗುತ್ತಿತ್ತು, ಮುಂದಿನ ತಿಂಗಳು ಮತ್ತೆ ಬರುತ್ತಿತ್ತು.

ಕಾರಣ ಗೊತ್ತಾಗಲು ನಾನು ಲೈನಿಗೇ ಹೋಗಬೇಕಾಯಿತು. ಮುಟ್ಟಿಗೆಂದು ಒಬ್ಬಳಿಗೆ ಎರಡು ತುಂಡು ಬಟ್ಟೆ, ಹೆಚ್ಚೆಂದರೆ ಮೂರು. ಒಗೆದದ್ದನ್ನು ಒಣಗಿಸುತ್ತಿದ್ದದ್ದು ಚಾಪೆಯ ಅಡಿಯಲ್ಲಿ, ಸೌದೆಯ ಸಂದಿಯಲ್ಲಿ, ಮಾಡಿನ ಹುಲ್ಲಿನೊಳಗೆ. ಯಾರ ಕಣ್ಣಿಗೂ ಬೀಳಬಾರದಲ್ಲ. ಒಂದು ತುಂಡನ್ನು ಕೈಗೆ ತೆಗೆದುಕೊಂಡು ನೋಡಿದೆ. ಒಗೆದು ನಾಲ್ಕು ದಿನವಾಗಿದ್ದರೂ ತಣ್ಣಗಿದ್ದು, ಬೂಷ್ಟಿನ ವಾಸನೆ ಹೊಡೆಯುತ್ತಿತ್ತು. ನಾಳೆ ಅದನ್ನೇ ಉಡಬೇಕು.

ಭಾನುವಾರ ಎಲ್ಲ ಹೆಂಗಸರನ್ನೂ ದವಾಖಾನೆಯ ಹಿಂದಿನ ಜಗಲಿಗೆ ಕರೆದೆ. ಮಡಿಕೇರಿಯಲ್ಲಿ ಕಲಿತದ್ದನ್ನು ಚಾಚೂ ತಪ್ಪದೆ ಒಪ್ಪಿಸಿದೆ. ತಿಂಗಳ ಬಟ್ಟೆಯನ್ನು ಸೋಪು ಹಾಕಿ ಒಗೆಯಬೇಕು, ಬಿಸಿನೀರಿನಲ್ಲಿ ಕುದಿಸಬೇಕು, ಒಳ್ಳೆಯ ಬಿಸಿಲಿನಲ್ಲಿ ಒಣಗಿಸಬೇಕು ಎಂದೆ.

ಮುಂದೆಯೇ ಕೂತಿದ್ದ ತಮಿಳು ಹೆಂಗಸೊಬ್ಬಳು ಮಳೆಯ ಕಡೆ ಒಂದು ಸಲ ನೋಡಿ, ನನ್ನ ಕಡೆ ತಿರುಗಿ ಕೇಳಿದಳು: "ಅಮ್ಮಾ, ಸೋಪು ತರ್ತೀನಿ. ಬಿಸಿನೀರು ಕಾಯಿಸ್ತೀನಿ. ಬಿಸಿಲು ಎಲ್ಲಿಂದ ತರ್ಲಿ? ನಿಮ್ಮ ಅಲಮಾರೀಲಿ ಇದ್ರೆ ಸ್ವಲ್ಪ ಕೊಡಿ."

ಜಗಲಿಯೆಲ್ಲ ನಕ್ಕಿತು. ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಆಮೇಲೆ ನಾನೂ ನಕ್ಕೆ. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಆ ದಿನದಿಂದ ಅವಳು ನನ್ನ ಗೆಳತಿಯಾದಳು. ಕಾಫಿ ಕುಯ್ಯುವ ಗುಂಪಿನಲ್ಲಿ ಅವಳದು ಎಲ್ಲರಿಗಿಂತ ದೊಡ್ಡ ಬಾಯಿ. ಮೇಸ್ತ್ರಿಯೂ ಅವಳಿಗೆ ಸ್ವಲ್ಪ ಹೆದರುತ್ತಿದ್ದ.

"ಒಣಗಿದ ಜಾಗ ಅಂದ್ರೆ ಈ ಎಸ್ಟೇಟಲ್ಲಿ ಒಂದೇ," ಎಂದು ಅವಳೇ ಹೇಳಿದಳು. "ಏಲಕ್ಕಿ ಮನೆ. ಆದ್ರೆ ಬೀಗದ ಕೈ ಅಜ್ಜಿ ಹತ್ರ ಇದೆ. ಅಜ್ಜಿ ಹತ್ರ ಈ ಮಾತು ಎತ್ತೋಕೆ ನಂಗೂ ಧೈರ್ಯ ಇಲ್ಲಮ್ಮ."

ಏಲಕ್ಕಿ ಮನೆ ಎಂದರೆ ಹಸಿ ಏಲಕ್ಕಿಯನ್ನು ಬೆಂಕಿಯ ಶಾಖದಲ್ಲಿ ಒಣಗಿಸುವ ದಪ್ಪ ಗೋಡೆಯ ಕೋಣೆ. ಹೊರಗಿನ ಒಲೆಯಿಂದ ಹೊರಟ ಕಬ್ಬಿಣದ ಕೊಳವೆ ಕೋಣೆಯನ್ನೆಲ್ಲ ಸುತ್ತಿ, ಹಿಂದಿನ ಸೌದೆ ಕೊಟ್ಟಿಗೆಯನ್ನು ಹಾದು ಹೊಗೆ ಬಿಡುತ್ತಿತ್ತು. ಏಲಕ್ಕಿ ಕುಯ್ಲು ಇನ್ನೂ ದೂರವಿದ್ದರೂ ಗೋಡೆಗೆ ತೇವ ಹಿಡಿಯದಿರಲೆಂದು ಮಳೆಗಾಲವಿಡೀ ಅಲ್ಲೊಂದು ಸಣ್ಣ ಬೆಂಕಿ ಇರುತ್ತಿತ್ತು. ಅದರ ಮೇಲ್ವಿಚಾರಣೆ ಹತ್ತಿರದ ಹಳ್ಳಿಯ ಒಬ್ಬ ಅಜ್ಜಿಯದು. ಅರೆಭಾಷೆಯ ಮನೆತನದವರು. ಏಲಕ್ಕಿಯನ್ನು ಮುಟ್ಟಿಯೇ ಅದು ಎಷ್ಟು ಒಣಗಿದೆ ಎಂದು ಹೇಳಬಲ್ಲವರು. ದೊರೆಯೂ ಅವರ ಮಾತಿಗೆ ಎದುರಾಡುತ್ತಿರಲಿಲ್ಲ.

ನಾನು ಹೋಗಿ ನೇರವಾಗಿ ಕೇಳಿಬಿಟ್ಟೆ. ಅಜ್ಜಿ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟರು.

"ಎಂತ ಹೇಳ್ತೀರಿ ನರ್ಸಮ್ಮ? ಏಲಕ್ಕಿ ಒಣಗುವಲ್ಲಿ ಅದಾ? ಈ ಏಲಕ್ಕಿ ದೇವರ ಪ್ರಸಾದಕ್ಕೆ ಹೋಗ್ತದೆ, ಗೊತ್ತುಂಟಾ?"

ವಾದ ಮಾಡಲು ಬಾಯಿ ತೆರೆದೆ. ಅವರ ಮುಖ ನೋಡಿ ಮುಚ್ಚಿಕೊಂಡೆ. ಬದಲಿಗೆ ಹುಣ್ಣಿನ ವಿಷಯ ಹೇಳಿದೆ, ಯಾರ್ಯಾರದು ಎಂದು ಹೇಳದೆ. ಅಜ್ಜಿ ಕೊನೆಯವರೆಗೂ ಕೇಳಿ, ಮೊರ ಎತ್ತಿಕೊಂಡು ಒಳಗೆ ಹೋದರು.

ನಾಲ್ಕು ದಿನ ಕಳೆದ ಮೇಲೆ ಅವರೇ ದವಾಖಾನೆಗೆ ಬಂದರು. ಡ್ರೆಸ್ಸರು ಇದ್ದ ಮುಂದಿನ ಬಾಗಿಲನ್ನು ಬಿಟ್ಟು ಹಿಂದಿನಿಂದ ಬಂದರು.

"ಒಳಗೆ ಬೇಡ," ಎಂದರು. "ಹಿಂದೆ ಸೌದೆ ಕೊಟ್ಟಿಗೆ ಉಂಟಲ್ಲ, ಕೊಳವೆ ಹೋಗುವಲ್ಲಿ. ಅಲ್ಲಿ ಗೋಡೆ ಬಿಸಿ. ಒಂದು ಹಗ್ಗ ಕಟ್ಟಿದ್ರೆ ಅರ್ಧ ದಿನದಲ್ಲಿ ಗರಿಗರಿ ಆಗ್ತದೆ. ಸೌದೆ ಪೇರಿಸುವ ಗಂಡಸರನ್ನು ಬೇರೆ ಕೆಲಸಕ್ಕೆ ಹಾಕ್ಲಿಕ್ಕೆ ಹೇಳಿ. ಆ ಕೆಲಸ ಇನ್ನು ಹೆಂಗಸರೇ ಮಾಡ್ಲಿ. ಮತ್ತೆ ಯಾರ ಕಣ್ಣು ಬೀಳ್ತದೆ?"

ನಾಲ್ಕು ದಿನ ಅವರು ಯೋಚಿಸಿದ್ದು ಇದನ್ನು. ನನಗೆ ಅವರ ಕಾಲಿಗೆ ಬೀಳುವ ಹಾಗಾಯಿತು.

ದೊರೆಯ ಅಪ್ಪಣೆ ಬೇಕಿತ್ತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ನನ್ನನ್ನು ಬಂಗಲೆಯ ಆಫೀಸಿಗೆ ಕರೆದುಕೊಂಡು ಹೋದರು. ಏತಕ್ಕೆ ಎಂದು ದಾರಿಯಲ್ಲಿ ಕೇಳಿದ್ದಕ್ಕೆ "ಬಟ್ಟೆ ಒಣಗಿಸೋ ವಿಚಾರ" ಎಂದಷ್ಟೇ ಹೇಳಿದ್ದೆ. ದೊರೆಯ ಮುಂದೆಯೂ ಅಷ್ಟೇ ಹೇಳಿದೆ.

"ಯಾವ ಬಟ್ಟೆ? ಕಂಬಳಿ?" ಎಂದ ದೊರೆ.

"ಅಲ್ಲ ಸರ್. ಹೆಂಗಸರ ಬಟ್ಟೆ. ತಿಂಗಳಿನದು."

ರೈಟರು ಕಿಟಕಿಯ ಕಡೆ ತಿರುಗಿ ಮಳೆಯನ್ನು ಬಹಳ ಗಮನವಿಟ್ಟು ನೋಡತೊಡಗಿದರು. ದೊರೆಗೆ ಮೊದಲು ಅರ್ಥವಾಗಲಿಲ್ಲ. ಆದಾಗ ಕುತ್ತಿಗೆಯಿಂದ ಕಿವಿಯವರೆಗೆ ಕೆಂಪಗಾದ. "ಯೆಸ್, ಯೆಸ್. ಒಣಗಿಸು, ಒಣಗಿಸು. ಸೌದೆ ಎಷ್ಟು ಬೇಕು ತಗೊ," ಎಂದು ಕೈ ಬೀಸಿದ. ಅಷ್ಟು ಬೇಗ ಅಪ್ಪಣೆ ಕೊಟ್ಟ ಕೆಲಸ ಆ ಎಸ್ಟೇಟಿನಲ್ಲಿ ಬೇರೊಂದಿರಲಿಲ್ಲ ಎಂದು ಇಳಿಯುವಾಗ ರೈಟರೇ ಗೊಣಗಿದರು.

ಸೌದೆ ಪೇರಿಸುವ ಕೆಲಸ ಹೆಂಗಸರ ಕೈಗೆ ಬಂತು, ಹಗ್ಗ ಕಟ್ಟಿದೆವು. ಅಪ್ಪನಿಗೆ ಕಾಗದ ಬರೆದೆ. ಅವನು ಅಂಗಡಿಯಲ್ಲಿ ಉಳಿದ ಹತ್ತಿ ಬಟ್ಟೆಯ ತುಂಡುಗಳನ್ನು ಒಂದು ಗಂಟು ಕಟ್ಟಿ ಕಳಿಸಿದ. ಯಾರ ಬಟ್ಟೆ ಯಾವುದೆಂದು ತಿಳಿಯಲು ಒಬ್ಬೊಬ್ಬರು ಒಂದೊಂದು ಬಣ್ಣದ ದಾರದಲ್ಲಿ ಮೂಲೆಗೆ ಹೊಲಿಗೆ ಹಾಕಿಕೊಂಡರು. ಮೊದಲ ದಿನ ಆರು ತುಂಡು ಹಗ್ಗದ ಮೇಲೆ ಬಿದ್ದವು. ತಿಂಗಳು ಕಳೆಯುವುದರೊಳಗೆ ಇನ್ನೊಂದು ಹಗ್ಗ ಬೇಕಾಯಿತು. ಬಿಸಿ ಗೋಡೆಗೆ ಬೆನ್ನು ಕೊಟ್ಟು ಸ್ವಲ್ಪ ಹೊತ್ತು ಕೂತು ಹೋಗುವ ಅಭ್ಯಾಸವೂ ಬಂತು. ಅಲ್ಲಿ ಗಂಡಸರಿಲ್ಲದ್ದರಿಂದ ಮಾತು ತಾನಾಗಿ ಬರುತ್ತಿತ್ತು. ಒಬ್ಬಳು ಹೊಟ್ಟೆನೋವಿಗೆ ತಾನು ಏನು ಕುಡಿಯುತ್ತೇನೆಂದು ಹೇಳಿದರೆ ಇನ್ನೊಬ್ಬಳು ಮಗಳಿಗೆ ಇನ್ನೂ ಆಗಿಲ್ಲವೆಂಬ ಚಿಂತೆ ಹೇಳುತ್ತಿದ್ದಳು. ನನ್ನ ಭಾನುವಾರದ ಪಾಠ ಜಗಲಿಯಿಂದ ಅಲ್ಲಿಗೆ ಬಂತು. ಹುಣ್ಣು ಹಿಡಿದು ಬರುವವರು ಕಡಿಮೆಯಾದರು. ನನಗೆ ಬಹಳ ಖುಷಿ.

ಆ ಖುಷಿಯಲ್ಲಿ ಒಂದು ತಪ್ಪು ಮಾಡಿದೆ.

ಒಂದು ಭಾನುವಾರ ಹೊರಗೆ ಕೂರುವ ಮಾತು ಬಂತು. ನಾನು ನಮ್ಮ ಮನೆಯ ರೀತಿಯನ್ನು ಹೇಳಿದೆ. ಜಂಬದಿಂದಲೇ ಹೇಳಿದೆ. "ನಾವು ಯಾರೂ ಹೊರಗೆ ಕೂರಲ್ಲ. ಏನಾಗಿದೆ ನಮಗೆ? ಅದೆಲ್ಲ ಬಿಟ್ಟುಬಿಡಿ. ಇನ್ನು ಮೇಲೆ ಯಾರೂ ಕೂರಬೇಡಿ," ಎಂದೆ. ಅಜ್ಜಿ ಬಾಗಿಲ ಹತ್ತಿರ ಕೂತು ಕೇಳುತ್ತಿದ್ದರು.

ಎರಡು ವಾರದ ಮೇಲೆ ಅವರ ಸೊಸೆ ದವಾಖಾನೆಗೆ ಬಂದಳು. ಇಪ್ಪತ್ತೆರಡು ವರ್ಷದ ಹುಡುಗಿ, ಒಂದು ಮಗುವಿನ ತಾಯಿ. ಗೊರಬೆಯನ್ನೂ ಹೊದೆಯದೆ ಬಂದಿದ್ದಳು. ಕೂದಲಿನಿಂದ ನೀರು ಇಳಿಯುತ್ತಿತ್ತು.

"ನರ್ಸಮ್ಮ, ನಾನು ನಿಮ್ಮತ್ರ ಬಂದು ಕೇಳಿದ್ನಾ?" ಎಂದಳು.

"ಏನನ್ನ?"

"ನನ್ನನ್ನು ಒಳಗೆ ಸೇರಿಸಿ ಅಂತ. ಅತ್ತೆ ಹೇಳಿದ್ರು, ನರ್ಸಮ್ಮ ಹೇಳಿದ್ದಾರೆ, ಇನ್ನು ದನದ ಕೊಟ್ಟಿಗೆಗೆ ಹೋಗುವುದು ಬೇಡ, ಒಳಗೇ ಇರು ಅಂತ. ಒಳಗೆ ಇದ್ರೆ ಎಂತ? ಭತ್ತ ಕುಟ್ಟು, ನೀರು ಹೊರು, ಸೊಪ್ಪು ತಾ. ಹೊಟ್ಟೆ ಹಿಂಡಿ ಬಂದ್ರೂ ಕುಟ್ಟು. ತಿಂಗಳಲ್ಲಿ ಮೂರು ದಿನ ನನ್ನನ್ನು ಯಾರೂ ಕರೀತಿರ್ಲಿಲ್ಲ. ಮಲಗ್ತಿದ್ದೆ. ಚಾಪೆ ಹೆಣೀತಿದ್ದೆ. ಒಬ್ಬಳೇ ಹಾಡ್ಕೊಳ್ತಿದ್ದೆ. ನಂಗೆ ಇದ್ದದ್ದು ಅದೊಂದೇ. ಅದನ್ನೂ ನೀವು ಕಿತ್ಕೊಂಡ್ರಿ."

ಟವಲು ಕೊಟ್ಟೆ, ಕಾಫಿ ಕಾಯಿಸಿ ಕೊಟ್ಟೆ. ಅವಳು ಕಾಫಿ ಕುಡಿದು, ಸಿಟ್ಟು ಸ್ವಲ್ಪ ಇಳಿದ ಮೇಲೆ ಹಾಗೇ ಹೋದಳು. ನಾನು ಅವಳು ಕೂತಿದ್ದ ಸ್ಟೂಲಿನ ಮೇಲೆ ತುಂಬ ಹೊತ್ತು ಕೂತಿದ್ದೆ. ನಮ್ಮ ಅವ್ವ ಆ ದಿನಗಳಲ್ಲೂ ಮುಂಜಾನೆ ಎದ್ದು ರಾಗಿ ಬೀಸುತ್ತಿದ್ದದ್ದು ನೆನಪಾಯಿತು. ಬೀಸುವಾಗ ಮಧ್ಯೆ ಮಧ್ಯೆ ನಿಲ್ಲಿಸಿ, ಹಣೆಯನ್ನು ಕಲ್ಲಿನ ಗೂಟಕ್ಕೆ ಆನಿಸಿ, ಮತ್ತೆ ಶುರು ಮಾಡುತ್ತಿದ್ದಳು. ಸೂತಕವಿಲ್ಲ ಎಂದು ಬೀಗುತ್ತಿದ್ದ ನಾನು ಅವಳು ಯಾಕೆ ನಿಲ್ಲಿಸುತ್ತಾಳೆಂದು ಒಂದು ದಿನವೂ ಕೇಳಿರಲಿಲ್ಲ.

ಮರುದಿನ ಅಜ್ಜಿಯ ಮನೆಗೆ ಹೋದೆ. ನಾನು ಹೇಳಿದ್ದು ತಪ್ಪು ಎಂದೆ.

ಅಜ್ಜಿಗೆ ರೇಗಿತು. "ಒಂದು ದಿನ ಬೇಡ ಅಂತೀರಿ, ಒಂದು ದಿನ ಬೇಕು ಅಂತೀರಿ. ನಾವು ಎಂತ ಮಾಡ್ಬೇಕು ನರ್ಸಮ್ಮ?"

"ಅವಳನ್ನೇ ಕೇಳಿ ಅಜ್ಜಿ. ಅವಳಿಗೆ ಹೇಗೆ ಬೇಕೋ ಹಾಗೆ."

"ಕೇಳುವುದಾ? ಇದನ್ನೆಲ್ಲ ಯಾರು ಕೇಳ್ತಾರೆ ಮಾರಾಯ್ತಿ? ನಾನು ಇಷ್ಟು ವರ್ಷ ಕೂತೆ. ನನ್ನನ್ನು ಯಾರು ಕೇಳಿದ್ರು?"

ಹಾಗೆ ಹೇಳಿದ ಅಜ್ಜಿ ತಾವೇ ಒಳಗೆ ಕೂಗಿ ಸೊಸೆಯನ್ನು ಕರೆದರು. ಅವಳು ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಂದು ಕಂಬಕ್ಕೆ ಒರಗಿ ನಿಂತಳು. ಅಜ್ಜಿ ನೆಲ ನೋಡುತ್ತಾ ಕೇಳಿದರು: "ನಿಂಗೆ ಹೇಗೆ ಬೇಕು, ಹೇಳು."

ಮೊದಲು ಅವಳು ನಂಬಲಿಲ್ಲ. ನನ್ನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು. ಆಮೇಲೆ ಒಂದೊಂದಾಗಿ ಹೇಳಿದಳು. ಕೊಟ್ಟಿಗೆ ಬೇಡ, ಅಲ್ಲಿ ಮಳೆಗೆ ಸೋರುತ್ತದೆ, ಜಿಗಣೆ ಬರುತ್ತದೆ. ಪಕ್ಕದ ಜಗಲಿಯ ಸಣ್ಣ ಕೋಣೆ ಆಗಬಹುದು. ಕುಟ್ಟುವುದು, ನೀರು ಹೊರುವುದು ಮೂರು ದಿನ ಬೇಡ. ಮಗು ತನ್ನ ಹತ್ತಿರವೇ ಇರಲಿ. ಹಿರಿಯರ ದೀಪದ ಹತ್ತಿರ ಮಾತ್ರ ತಾನು ಹೋಗುವುದಿಲ್ಲ, ಅದು ತನ್ನ ಮನಸ್ಸಿಗೆ ಆಗುವುದಿಲ್ಲ.

ಕೊನೆಯ ಮಾತಿಗೆ ನನ್ನ ನಾಲಗೆ ತುದಿಯವರೆಗೆ ಉತ್ತರ ಬಂದಿತ್ತು. ನುಂಗಿಕೊಂಡೆ. ದೀಪ ಅವರದು, ಮನಸ್ಸು ಅವಳದು.

"ನೀರು ಯಾರು ಹೊರುವುದು?" ಎಂದರು ಅಜ್ಜಿ.

"ನಿಮ್ಮ ಮಗ ಹೊರ್ಲಿ," ಎಂದಳು ಸೊಸೆ, ಬಹಳ ಮೆಲ್ಲಗೆ.

ಅಜ್ಜಿ ತಲೆಯೆತ್ತಿ ಅವಳನ್ನು ನೋಡಿದರು. ಬೈಯುತ್ತಾರೆಂದು ನಾನು ಎದ್ದು ನಿಂತೆ. ಅವರು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಮಗ ನೀರು ಹೊತ್ತನೋ ಎಂದು ನೀವು ಕೇಳಬಹುದು. ಹೊತ್ತ. ಮೊದಮೊದಲು ಮಬ್ಬಿರುವಾಗಲೇ ಹೊತ್ತು ಮುಗಿಸುತ್ತಿದ್ದ, ಊರವರು ನೋಡಬಾರದೆಂದು. ಆಮೇಲೆ ಹಗಲಿನಲ್ಲೇ ಹೊರತೊಡಗಿದ.

ಅಲ್ಲಿಂದ ಮುಂದೆ ನನ್ನ ಪಾಠದ ರೀತಿ ಬದಲಾಯಿತು. ಬಟ್ಟೆ ಶುಚಿಯಾಗಿರಬೇಕು, ಪೂರಾ ಒಣಗಿರಬೇಕು, ನೋವು ಅಥವಾ ರಕ್ತ ಅತಿಯಾದರೆ ಮುಚ್ಚಿಡದೆ ನನ್ನ ಹತ್ತಿರ ಬರಬೇಕು. ಇಷ್ಟರಲ್ಲಿ ನಾನು ಸಡಿಲ ಬಿಡುತ್ತಿರಲಿಲ್ಲ. ಎಲ್ಲಿ ಕೂರಬೇಕು, ಏನು ಮುಟ್ಟಬೇಕು ಎಂಬುದಕ್ಕೆ "ನಿಮಗೆ ಹೇಗೆ ಬೇಕು?" ಎಂದು ಕೇಳಿ ಸುಮ್ಮನಾಗುತ್ತಿದ್ದೆ. ಉತ್ತರಗಳು ಬೇರೆಬೇರೆ ಬರುತ್ತಿದ್ದವು. ಒಬ್ಬಳಿಗೆ ಮನೆಯಲ್ಲಿರುವುದಕ್ಕಿಂತ ಕೆಲಸಕ್ಕೆ ಹೋಗುವುದೇ ಇಷ್ಟ. ಇನ್ನೊಬ್ಬಳನ್ನು ಮೊದಲ ದಿನ ಮಾತ್ರ ಏರು ಹತ್ತಿಸಬಾರದು. ನನ್ನ ತಮಿಳು ಗೆಳತಿ ಮೇಸ್ತ್ರಿಯನ್ನು ಒಂದು ಬದಿಗೆ ಕರೆದು ಏನು ಹೇಳಿದಳೋ ಗೊತ್ತಿಲ್ಲ, "ಇವತ್ತು ನಂಗೆ ಕೆಳಗಿನ ಸಾಲು" ಎಂದವರಿಗೆ ಅವನು ಪ್ರಶ್ನೆ ಕೇಳದೆ ಕೆಳಗಿನ ಸಾಲೇ ಕೊಡುತ್ತಿದ್ದ. ನಾನೂ ಮೊದಲ ದಿನ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಒಂದು ಗಂಟೆ ಮಲಗುವುದನ್ನು ಕಲಿತೆ.

ಭತ್ತ ಕುಯ್ಯುವ ಹುತ್ತರಿ ಹಬ್ಬ ಕಳೆದ ಮೇಲೆ ಅವ್ವ ನನ್ನನ್ನು ನೋಡಲು ಬಂದಳು. ಏಲಕ್ಕಿ ಆರಿಸುವ ಕಡೆ ಕರೆದುಕೊಂಡು ಹೋದೆ. ಹೆಂಗಸರು ಅವಳಿಗೆ ಚಾಪೆ ಹಾಸಿ ಕೂರಿಸಿ, ಎಲೆ ಅಡಿಕೆ ಕೊಟ್ಟು, ನೇರವಾಗಿ ಕೇಳಿದರು: "ಅಮ್ಮಾ, ನಿಮ್ಮ ಮನೇಲಿ ಹೊರಗೆ ಕೂರೋದೇ ಇಲ್ವಂತೆ, ಹೌದಾ?"

ಅವ್ವ ನಾಚಿಕೆಯಿಂದ ಸೆರಗು ಸರಿಮಾಡಿಕೊಂಡಳು. "ಹೂಂ ಕಣ್ರವ್ವ, ಇಲ್ಲ. ಶಿವ ಕೊಟ್ಟಿದ್ದಕ್ಕೆ ಯಾವ ಸೂತಕ?" ಎಂದಳು. ಒಂದೆರಡು ಏಲಕ್ಕಿ ಕೈಗೆತ್ತಿಕೊಂಡು ಆರಿಸುತ್ತಾ ಮುಂದುವರಿಸಿದಳು: "ಆದ್ರೆ ನೋವು ಅಂತ ಒಂದಿನಾನೂ ಬಾಯಿಬಿಟ್ಟು ಹೇಳಿಲ್ಲ ನಾನು. ಹೇಳ್ಬೋದು ಅಂತ ಗೊತ್ತೇ ಇರ್ಲಿಲ್ಲ."

ಸಂಜೆ ನನ್ನ ಕೋಣೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ಅವಳು ಮಾತಾಡಿದಳು. ತಾನು ದೊಡ್ಡವಳಾದದ್ದು, ನಾನು ಹುಟ್ಟುವ ಮೊದಲು ಇಳಿದುಹೋದ ಎರಡು ಬಸಿರು, ಈಗೀಗ ಮುಟ್ಟು ತಪ್ಪಿತಪ್ಪಿ ಬರುವುದು. ನಾನು ಗೊತ್ತಿದ್ದದ್ದನ್ನು ಹೇಳಿದೆ. ಗೊತ್ತಿಲ್ಲದ್ದಕ್ಕೆ ಮಡಿಕೇರಿಯಲ್ಲಿ ಕೇಳಿ ಕಾಗದ ಬರೆಯುತ್ತೇನೆ ಎಂದೆ. ತಾಯಿ ಮಗಳು ಹಾಗೆ ಮಾತಾಡಿದ್ದು ಅದೇ ಮೊದಲು. ಮನೆ ಬಂದರೂ ಮಾತು ಮುಗಿಯದೆ ಹೊರಗಿನ ಮೆಟ್ಟಿಲ ಮೇಲೆಯೇ ಕೂತೆವು.

ನಾನು ಆ ಎಸ್ಟೇಟಿನಲ್ಲಿ ಒಂಬತ್ತು ವರ್ಷ ಇದ್ದೆ. ನನಗೆ ಇಷ್ಟವಾದ ದಿನ ಯಾವುದೆಂದು ಯಾರಾದರೂ ಕೇಳಿದರೆ ಮೂರನೆಯ ಮಳೆಗಾಲದ ಒಂದು ಭಾನುವಾರವನ್ನು ಹೇಳುತ್ತೇನೆ. ಆ ವರ್ಷ ಮೈಸೂರು ಕಡೆಯಿಂದ ಹೊಸ ಆಳುಗಳು ಬಂದಿದ್ದರು. ಹೆಂಗಸರು ಸೌದೆ ಕೊಟ್ಟಿಗೆಯಲ್ಲಿ ಗುಂಪಾಗಿ ಕೂತಿದ್ದರು. ನಾನು ಶುರು ಮಾಡುವ ಮೊದಲೇ ತಮಿಳು ಗೆಳತಿ ಎದ್ದು ನಿಂತು, "ನೀವು ಕೂತ್ಕೊಳ್ಳಿ ನರ್ಸಮ್ಮ, ಇವತ್ತು ನಾನು ಹೇಳ್ತೀನಿ," ಎಂದಳು. ಬಾಗಿಲ ಹತ್ತಿರ ಕೂತೆ. ಅವಳು ನನ್ನ ಹಾಗೆ ಒಪ್ಪಿಸಲಿಲ್ಲ. ಒಣಗಿದ ಬಟ್ಟೆಯೊಂದನ್ನು ಹಗ್ಗದಿಂದ ತೆಗೆದು ಹೊಸಬರ ಕೆನ್ನೆಗೆ ಮುಟ್ಟಿಸುತ್ತಾ ಹೋದಳು. "ಹೀಗಿರ್ಬೇಕು. ಇದಕ್ಕಿಂತ ಸ್ವಲ್ಪ ತಣ್ಣಗಿದ್ರೂ ಉಡಬೇಡಿ," ಎಂದಳು.

ಹೊಸಬರಲ್ಲಿ ಹದಿನಾಲ್ಕು ಹದಿನೈದರ ಒಬ್ಬ ಹುಡುಗಿ ಹಿಂದಿನಿಂದ ಕೇಳಿದಳು: "ಅಕ್ಕಾ, ಆ ದಿನ ಮೆಣಸಿನ ಬಳ್ಳಿ ಮುಟ್ಟಿದ್ರೆ ಬಳ್ಳಿ ಒಣಗೋಯ್ತದಂತೆ, ದಿಟವಾ?"

"ಹನ್ನೆರಡು ವರ್ಷದಿಂದ ನಾನು ಎಲ್ಲಾ ದಿನಾನೂ ಮುಟ್ಟಿದ್ದೀನಿ," ಎಂದಳು ಗೆಳತಿ. "ದೊರೆ ಇನ್ನೂ ಮೆಣಸು ಮಾರ್ತಾನೇ ಇದ್ದಾನೆ. ನೀನೂ ಮುಟ್ಟಿ ನೋಡು. ಬೇಡ ಅನ್ಸಿದ್ರೆ ಬಿಡು."

ಎಲ್ಲರೂ ನಕ್ಕರು. ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, "ನಾಳೆ ಮುಟ್ಟಿ ನೋಡ್ತೀನಿ," ಎಂದಳು. ಏಲಕ್ಕಿ ಅಜ್ಜಿ ನನ್ನ ಪಕ್ಕಕ್ಕೆ ಸರಿದು ಕೂತು, ಸೆರಗಿನ ಗಂಟಿನಿಂದ ನಾಲ್ಕು ಏಲಕ್ಕಿ ಬಿಚ್ಚಿ ನನ್ನ ಅಂಗೈಗೆ ಹಾಕಿದರು. ನಾವಿಬ್ಬರೂ ಅದನ್ನು ಜಗಿಯುತ್ತಾ ಕೊನೆಯವರೆಗೂ ಕೇಳುತ್ತಾ ಕೂತೆವು.